ಖಾಸಗಿ ನಿಯಮಿತ ಕಂಪನಿ

ಖಾಸಗಿ ನಿಯಮಿತ ಕಂಪನಿ ಅಥವಾ ಪ್ರೈವೇಟ್ ಲಿಮಿಟೆಡ್ ಕಂಪನಿ ಎಂಬುದು ಭಾರತದ ಕಂಪನಿಗಳ ಅಧಿನಿಯಮ, 2013ರ ಅಡಿಯಲ್ಲಿ ನೋಂದಣಿಯಾಗುವ ವ್ಯಾಪಾರ ಸಂಸ್ಥೆಯ ಒಂದು ಬಗೆ. ಇದರ ಸದಸ್ಯರ ಹೊಣೆಗಾರಿಕೆಯು ಅವರು ಕೊಂಡ ಷೇರುಗಳ ಮೇಲೆ ಇನ್ನೂ ಪಾವತಿಸಬೇಕಾಗಿರುವ ಮೊತ್ತಕ್ಕೆ ಸೀಮಿತವಾಗಿರುತ್ತದೆ. ಕಂಪನಿಯು ಕಾನೂನಿನ ದೃಷ್ಟಿಯಲ್ಲಿ ತನ್ನ ಸದಸ್ಯರಿಂದ ಬೇರೆಯಾದ ಒಬ್ಬ 'ವ್ಯಕ್ತಿ'. ಅದು ತನ್ನ ಹೆಸರಿನಲ್ಲಿಯೇ ಆಸ್ತಿ ಹೊಂದಬಹುದು, ಸಾಲ ಪಡೆಯಬಹುದು, ದಾವೆ ಹೂಡಬಹುದು. ಈ ಲೇಖನವು ಸಣ್ಣ ಉದ್ಯಮವೊಂದನ್ನು ಇಂತಹ ಕಂಪನಿಯಾಗಿ ಸ್ಥಾಪಿಸುವ ಕ್ರಮವನ್ನು, ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳ ಸಂದರ್ಭವನ್ನು ಗಮನದಲ್ಲಿಟ್ಟು ವಿವರಿಸುತ್ತದೆ.

ಹಿನ್ನೆಲೆ

ಭಾರತದಲ್ಲಿ ಕಂಪನಿಗಳ ನೋಂದಣಿಗೆ ಮೊದಲ ಕಾಯ್ದೆ ಬಂದದ್ದು 1850ರಲ್ಲಿ. ಆದರೆ ಅದರಲ್ಲಿ ಸೀಮಿತ ಹೊಣೆಗಾರಿಕೆಯ ಸೌಲಭ್ಯವಿರಲಿಲ್ಲ. ಆ ಸೌಲಭ್ಯ 1857ರ ಕಾಯ್ದೆಯಿಂದ ದೊರೆಯಿತು. 1913ರ ಭಾರತೀಯ ಕಂಪನಿಗಳ ಕಾಯ್ದೆಯು ಖಾಸಗಿ ಕಂಪನಿ ಎಂಬ ವರ್ಗವನ್ನು ಗುರುತಿಸಿತು. ಅದರ ಸ್ಥಾನದಲ್ಲಿ 1956ರ ಕಾಯ್ದೆ, ಬಳಿಕ 2013ರ ಅಧಿನಿಯಮ ಜಾರಿಗೆ ಬಂದವು.

ಕಂಪನಿಯು ಸದಸ್ಯರಿಂದ ಪ್ರತ್ಯೇಕ ಎಂಬ ತತ್ವಕ್ಕೆ ಆಧಾರವಾಗಿರುವುದು 1896ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ನೀಡಿದ ಸಾಲೊಮನ್ ಪ್ರಕರಣದ ತೀರ್ಪು. ಲಂಡನ್ನಿನ ಪಾದರಕ್ಷೆ ವ್ಯಾಪಾರಿಯೊಬ್ಬನು ತನ್ನ ಉದ್ಯಮವನ್ನು ಕಂಪನಿಯಾಗಿ ಪರಿವರ್ತಿಸಿ, ಬಹುಪಾಲು ಎಲ್ಲ ಷೇರುಗಳನ್ನು ತಾನೇ ಇಟ್ಟುಕೊಂಡಿದ್ದನು. ಕಂಪನಿ ದಿವಾಳಿಯಾದಾಗ ಅದರ ಸಾಲಕ್ಕೆ ಆತನು ಸ್ವತಃ ಹೊಣೆಯಲ್ಲ ಎಂದು ತೀರ್ಮಾನವಾಯಿತು. ಭಾರತದ ಸರ್ವೋಚ್ಚ ನ್ಯಾಯಾಲಯವು ಬಚಾ ಗುಜ್ದಾರ್ ಪ್ರಕರಣದಲ್ಲಿ ಇದರ ಇನ್ನೊಂದು ಮುಖವನ್ನು ಸ್ಪಷ್ಟಪಡಿಸಿತು. ಕಂಪನಿಯ ಆಸ್ತಿಯಲ್ಲಿ ಷೇರುದಾರನಿಗೆ ಒಡೆತನವಿಲ್ಲ. ಆದ್ದರಿಂದ ಚಹಾ ತೋಟದ ಕಂಪನಿಯಿಂದ ಬರುವ ಲಾಭಾಂಶವು ಷೇರುದಾರನ ಕೈಯಲ್ಲಿ ಕೃಷಿ ಆದಾಯವಾಗುವುದಿಲ್ಲ. ಕೃಷಿಯನ್ನು ಅವಲಂಬಿಸಿದ ಉದ್ಯಮವನ್ನು ಕಂಪನಿಯಾಗಿಸುವವರಿಗೆ ಈ ತೀರ್ಪು ಇಂದಿಗೂ ಪ್ರಸ್ತುತ.

ಉತ್ತರ ಕರ್ನಾಟಕದ ಗ್ರಾಮಗಳಲ್ಲಿ ಕೂಡಿ ವ್ಯವಹರಿಸುವ ಸಂಸ್ಥೆಯೆಂದರೆ ಬಹುಕಾಲ ಸಹಕಾರ ಸಂಘವೇ ಆಗಿತ್ತು. ಹಳೆಯ ಧಾರವಾಡ ಜಿಲ್ಲೆಗೆ ಸೇರಿದ್ದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರ ನೇತೃತ್ವದಲ್ಲಿ ಸಹಕಾರ ಸಂಘ ಸ್ಥಾಪನೆಯಾಯಿತು. ಆ ಕಾಲದ 1904ರ ಸಹಕಾರ ಕಾಯ್ದೆಯ ಪ್ರಕಾರ ಗ್ರಾಮೀಣ ಸಂಘಗಳ ಸದಸ್ಯರ ಹೊಣೆ ಸಾಮಾನ್ಯವಾಗಿ ಅಪರಿಮಿತವಾಗಿತ್ತು. ಕಂಪನಿ ಪದ್ಧತಿಯು ಇದಕ್ಕೆ ವಿರುದ್ಧವಾದ ತತ್ವದ ಮೇಲೆ ನಿಂತಿದೆ.

ಪ್ರದೇಶದ ಸಂದರ್ಭ

ಹಾವೇರಿ ಜಿಲ್ಲೆಯು 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ಹಾನಗಲ್ ಭಾಗದ ಭತ್ತ ಮತ್ತು ಮಾವು, ಸವಣೂರಿನ ವೀಳ್ಯದೆಲೆ ಮತ್ತು ಖಾರ, ಹಿರೇಕೆರೂರು ಭಾಗದ ಗೋವಿನಜೋಳ ಮತ್ತು ಹತ್ತಿ ಇಲ್ಲಿನ ವ್ಯಾಪಾರಕ್ಕೆ ಆಧಾರವಾಗಿವೆ. ಶಿಗ್ಗಾಂವಿ ತಾಲ್ಲೂಕಿನ ಮೂಲಕ ಪುಣೆ–ಬೆಂಗಳೂರು ಹೆದ್ದಾರಿ ಹಾದುಹೋಗುತ್ತದೆ. ಅಕ್ಕಿ ಗಿರಣಿ, ತಿನಿಸು ತಯಾರಿಕೆ, ಬೀಜ ಮತ್ತು ಗೊಬ್ಬರದ ಮಾರಾಟ, ಸಾಗಣೆ ಮುಂತಾದ ಉದ್ಯಮಗಳು ಸಾಮಾನ್ಯವಾಗಿ ಒಬ್ಬರ ಒಡೆತನದಲ್ಲಿ ಅಥವಾ ಅಣ್ಣತಮ್ಮಂದಿರ ಪಾಲುದಾರಿಕೆಯಲ್ಲಿ ನಡೆಯುತ್ತವೆ. ಇಂತಹ ಉದ್ಯಮ ನಷ್ಟಕ್ಕೆ ಸಿಲುಕಿದಾಗ ಅಂಗಡಿಯ ಸಾಲ ಮನೆ ಮತ್ತು ಹೊಲದ ಮೇಲೆ ಬರುತ್ತದೆ. ಕಂಪನಿ ಸ್ಥಾಪನೆಯ ಪ್ರಶ್ನೆ ಮುಖ್ಯವಾಗಿ ಏಳುವುದು ಇಲ್ಲಿಯೇ.

ಸೀಮಿತ ಹೊಣೆಗಾರಿಕೆಯ ಅರ್ಥ

ಒಂದು ಕಲ್ಪಿತ ಉದಾಹರಣೆಯಿಂದ ಇದನ್ನು ತಿಳಿಯಬಹುದು. ಖಾರ ತಯಾರಿಸುವ ಇಬ್ಬರು ಸಹೋದರರು ತಲಾ ₹1 ಲಕ್ಷದ ಷೇರು ಕೊಂಡು, ಹಣವನ್ನು ಪೂರ್ತಿಯಾಗಿ ಪಾವತಿಸಿ ಕಂಪನಿ ಆರಂಭಿಸಿದರು ಎಂದುಕೊಳ್ಳಬೇಕು. ಕೆಲವು ವರ್ಷಗಳ ಬಳಿಕ ಕಂಪನಿ ಮುಚ್ಚಿದಾಗ ಎಣ್ಣೆ, ಹಿಟ್ಟು ಪೂರೈಸಿದವರಿಗೆ ₹12 ಲಕ್ಷ ಬಾಕಿ ಇದ್ದು, ಕಂಪನಿಯ ಆಸ್ತಿಯಿಂದ ₹5 ಲಕ್ಷ ಮಾತ್ರ ಬಂದರೆ, ಉಳಿದ ₹7 ಲಕ್ಷವನ್ನು ಸಹೋದರರ ಮನೆಯಿಂದಾಗಲಿ ಹೊಲದಿಂದಾಗಲಿ ವಸೂಲು ಮಾಡಲು ಬರುವುದಿಲ್ಲ. ಅದೇ ಉದ್ಯಮ ಪಾಲುದಾರಿಕೆಯಾಗಿದ್ದರೆ, 1932ರ ಭಾರತೀಯ ಪಾಲುದಾರಿಕೆ ಅಧಿನಿಯಮದ ಪ್ರಕಾರ ಪೂರ್ಣ ₹7 ಲಕ್ಷವನ್ನು ಇಬ್ಬರಲ್ಲಿ ಯಾರೊಬ್ಬರಿಂದಲಾದರೂ ವಸೂಲು ಮಾಡಬಹುದಾಗಿತ್ತು.

ಈ ರಕ್ಷಣೆಗೆ ಮಿತಿಗಳಿವೆ.

ವೈಯಕ್ತಿಕ ಜಾಮೀನು: ಹೊಸ ಅಥವಾ ಸಣ್ಣ ಕಂಪನಿಗೆ ಸಾಲ ಕೊಡುವಾಗ ಬ್ಯಾಂಕುಗಳು ಸಾಮಾನ್ಯವಾಗಿ ನಿರ್ದೇಶಕರ ವೈಯಕ್ತಿಕ ಜಾಮೀನನ್ನು ಕೇಳುತ್ತವೆ. ಭಾರತೀಯ ಕರಾರು ಅಧಿನಿಯಮದ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಹೇಳದಿದ್ದರೆ, ಜಾಮೀನುದಾರನ ಹೊಣೆಯು ಸಾಲಗಾರನ ಹೊಣೆಗೆ ಸಮಾನ. ಆದ್ದರಿಂದ ಸಹಿ ಹಾಕಿದ ನಿರ್ದೇಶಕನಿಗೆ ಆ ಸಾಲದ ಮಟ್ಟಿಗೆ ಸೀಮಿತ ಹೊಣೆಗಾರಿಕೆಯ ರಕ್ಷಣೆ ಇರುವುದಿಲ್ಲ. ಕಂಪನಿಗಳ ಸಾಲಕ್ಕೆ ಜಾಮೀನು ನಿಂತ ವ್ಯಕ್ತಿಗಳ ವಿರುದ್ಧ ದಿವಾಳಿ ಸಂಹಿತೆಯಡಿ ಕ್ರಮ ಜರುಗಿಸುವ ಅವಕಾಶ 2019ರ ಡಿಸೆಂಬರ್ 1ರಿಂದ ಜಾರಿಯಲ್ಲಿದ್ದು, ಸರ್ವೋಚ್ಚ ನ್ಯಾಯಾಲಯವು 2021ರಲ್ಲಿ ಅದನ್ನು ಎತ್ತಿಹಿಡಿದಿದೆ.

ವಂಚನೆ: ಸಾಲ ಕೊಟ್ಟವರನ್ನು ಮೋಸಗೊಳಿಸುವ ಉದ್ದೇಶದಿಂದ ವ್ಯವಹಾರ ನಡೆಸಿದ್ದು ಸಾಬೀತಾದರೆ, ಅದರಲ್ಲಿ ತಿಳಿದೂ ಭಾಗಿಯಾದವರು ಅಪರಿಮಿತವಾಗಿ ಹೊಣೆಗಾರರಾಗಬಹುದು.

ಹಣದ ಬೆರಕೆ: ಕಂಪನಿಯ ಖಾತೆಯನ್ನೂ ಮನೆಯ ಖರ್ಚನ್ನೂ ಒಂದೇ ಆಗಿಸಿದರೆ ಲೆಕ್ಕಪರಿಶೋಧನೆ ಮತ್ತು ತೆರಿಗೆಯ ತೊಡಕುಗಳು ಹುಟ್ಟುತ್ತವೆ. ಪ್ರತ್ಯೇಕ ವ್ಯಕ್ತಿತ್ವದ ವಾದವೂ ದುರ್ಬಲವಾಗುತ್ತದೆ.

ಮೂಲ ಅರ್ಹತೆಗಳು

ಖಾಸಗಿ ಕಂಪನಿಗೆ ಕನಿಷ್ಠ 2, ಗರಿಷ್ಠ 200 ಸದಸ್ಯರಿರಬಹುದು. ಕನಿಷ್ಠ 2 ನಿರ್ದೇಶಕರು ಬೇಕು. ಸದಸ್ಯರೇ ನಿರ್ದೇಶಕರಾಗಬಹುದು. ನಿರ್ದೇಶಕರಲ್ಲಿ ಒಬ್ಬರಾದರೂ ಆರ್ಥಿಕ ವರ್ಷದಲ್ಲಿ 182 ದಿನಗಳಿಗೆ ಕಡಿಮೆಯಿಲ್ಲದಂತೆ ಭಾರತದಲ್ಲಿ ವಾಸಿಸಿರಬೇಕು. ಷೇರುಗಳ ವರ್ಗಾವಣೆಗೆ ನಿರ್ಬಂಧವಿರುತ್ತದೆ. ಸಾರ್ವಜನಿಕರನ್ನು ಷೇರು ಕೊಳ್ಳಲು ಆಹ್ವಾನಿಸುವಂತಿಲ್ಲ. ಮೊದಲು ಇದ್ದ ₹1 ಲಕ್ಷ ಕನಿಷ್ಠ ಪಾವತಿತ ಬಂಡವಾಳದ ನಿಯಮವನ್ನು 2015ರ ತಿದ್ದುಪಡಿ ತೆಗೆದುಹಾಕಿತು.

ಒಬ್ಬರೇ ಇರುವ ಉದ್ಯಮಕ್ಕೆ 2013ರ ಅಧಿನಿಯಮವು 'ಏಕವ್ಯಕ್ತಿ ಕಂಪನಿ' ಎಂಬ ಬಗೆಯನ್ನು ಒದಗಿಸಿದೆ. ಇದರಲ್ಲಿ ಒಬ್ಬ ಸದಸ್ಯನಿದ್ದು, ಆತ ತೀರಿಕೊಂಡರೆ ಅಥವಾ ಅಸಮರ್ಥನಾದರೆ ಸದಸ್ಯತ್ವ ಪಡೆಯುವ ನಾಮನಿರ್ದೇಶಿತ ವ್ಯಕ್ತಿಯನ್ನು ಮೊದಲೇ ಹೆಸರಿಸಬೇಕು.

ನೋಂದಣಿಯ ಕ್ರಮ

ಕರ್ನಾಟಕದ ಕಂಪನಿಗಳ ದಾಖಲೆಗಳನ್ನು ಬೆಂಗಳೂರಿನ ಕಂಪನಿಗಳ ರಿಜಿಸ್ಟ್ರಾರ್ ಕಚೇರಿ ನಿರ್ವಹಿಸುತ್ತದೆ. ಆದರೆ ಹೊಸ ಕಂಪನಿಯ ಅರ್ಜಿಗಳನ್ನು ಹರಿಯಾಣದ ಮಾನೇಸರ್‌ನಲ್ಲಿರುವ ಕೇಂದ್ರೀಯ ನೋಂದಣಿ ಕೇಂದ್ರವು ಪರಿಶೀಲಿಸುತ್ತದೆ. ಇಡೀ ಪ್ರಕ್ರಿಯೆ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ನಡೆಯುವುದರಿಂದ ಅರ್ಜಿದಾರರು ಬೆಂಗಳೂರಿಗೆ ಹೋಗಬೇಕಾಗಿಲ್ಲ.

1. ಡಿಜಿಟಲ್ ಸಹಿ: ಅರ್ಜಿಗೆ ಸಹಿ ಮಾಡುವ ಸದಸ್ಯರು ಮತ್ತು ನಿರ್ದೇಶಕರು ಡಿಜಿಟಲ್ ಸಹಿ ಪ್ರಮಾಣಪತ್ರ ಪಡೆಯಬೇಕು. ಆಧಾರ್ ಮತ್ತು ಪ್ಯಾನ್ ಚೀಟಿಗಳಲ್ಲಿ ಹೆಸರು, ಜನ್ಮದಿನಾಂಕ ಒಂದೇ ರೀತಿ ಇರಬೇಕು. ಒಂದರಲ್ಲಿ ಮನೆತನದ ಹೆಸರಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳುವುದು ಸೂಕ್ತ.

2. ಹೆಸರಿನ ಕಾಯ್ದಿರಿಸುವಿಕೆ: 2020ರ ಫೆಬ್ರುವರಿಯಲ್ಲಿ ಜಾರಿಗೆ ಬಂದ 'ಸ್ಪೈಸ್ ಪ್ಲಸ್' ಎಂಬ ನಮೂನೆಯ ಮೊದಲ ಭಾಗದಲ್ಲಿ ಎರಡು ಹೆಸರುಗಳನ್ನು ಸೂಚಿಸಬಹುದು. ಶುಲ್ಕ ₹1,000. ಒಪ್ಪಿಗೆಯಾದ ಹೆಸರು 20 ದಿನ ಮೀಸಲಾಗಿರುತ್ತದೆ. ಈಗಾಗಲೇ ಇರುವ ಕಂಪನಿಯ ಅಥವಾ ವ್ಯಾಪಾರಮುದ್ರೆಯ ಹೆಸರನ್ನು ಹೋಲುವಂತಿಲ್ಲ. ಹೆಸರಿನ ಕೊನೆಯಲ್ಲಿ 'ಪ್ರೈವೇಟ್ ಲಿಮಿಟೆಡ್' ಎಂದಿರಬೇಕು.

3. ಸಂಘಟನಾ ದಾಖಲೆಗಳು: ಕಂಪನಿಯ ಉದ್ದೇಶ, ಬಂಡವಾಳ ಮತ್ತು ಹೊಣೆಗಾರಿಕೆಯನ್ನು ಹೇಳುವುದು ಸಂಘಟನಾ ಜ್ಞಾಪನ ಪತ್ರ. ಒಳಾಡಳಿತದ ನಿಯಮಗಳನ್ನು ಹೇಳುವುದು ಸಂಘಟನಾ ನಿಯಮಾವಳಿ. ಸದಸ್ಯನು ತೀರಿಕೊಂಡಾಗ ಅಥವಾ ಕುಟುಂಬ ಬೇರೆಯಾದಾಗ ಷೇರುಗಳನ್ನು ಯಾರಿಗೆ, ಯಾವ ಬೆಲೆಗೆ ಕೊಡಬೇಕೆಂಬುದನ್ನು ನಿಯಮಾವಳಿಯಲ್ಲಿ ಮೊದಲೇ ಬರೆದಿಟ್ಟರೆ ಮುಂದಿನ ವ್ಯಾಜ್ಯಗಳು ಕಡಿಮೆಯಾಗುತ್ತವೆ.

4. ನೋಂದಾಯಿತ ಕಚೇರಿ: ಮನೆಯನ್ನೇ ಕಚೇರಿಯಾಗಿ ತೋರಿಸಬಹುದು. ಎರಡು ತಿಂಗಳಿಗಿಂತ ಹಳೆಯದಲ್ಲದ ವಿದ್ಯುತ್ ಬಿಲ್ಲಿನಂತಹ ದಾಖಲೆ ಮತ್ತು ಮಾಲೀಕರ ಒಪ್ಪಿಗೆ ಪತ್ರ ಬೇಕಾಗುತ್ತವೆ. ಮನೆಯ ಖಾತೆ ತೀರಿಹೋದ ಹಿರಿಯರ ಹೆಸರಿನಲ್ಲಿಯೇ ಉಳಿದಿದ್ದರೆ ಒಪ್ಪಿಗೆ ಪತ್ರ ಪಡೆಯುವುದು ಕಷ್ಟ. ಅಂತಹಲ್ಲಿ ಮೊದಲು ವಾರಸಾ ಬದಲಾವಣೆ ಮಾಡಿಸಬೇಕು ಅಥವಾ ಬೇರೆ ವಿಳಾಸ ಕೊಡಬೇಕು.

5. ಅರ್ಜಿ ಮತ್ತು ಪ್ರಮಾಣಪತ್ರ: ನಮೂನೆಯ ಎರಡನೆಯ ಭಾಗದ ಮೂಲಕ ನೋಂದಣಿ, ನಿರ್ದೇಶಕರ ಗುರುತಿನ ಸಂಖ್ಯೆ, ಪ್ಯಾನ್, ಟ್ಯಾನ್, ಭವಿಷ್ಯನಿಧಿ, ಕಾರ್ಮಿಕ ರಾಜ್ಯ ವಿಮೆ, ಬ್ಯಾಂಕ್ ಖಾತೆ ಮತ್ತು ಕರ್ನಾಟಕದಲ್ಲಿ ವೃತ್ತಿ ತೆರಿಗೆ ನೋಂದಣಿ ಒಟ್ಟಿಗೆ ಆಗುತ್ತವೆ. ಬೇಕಾದವರು ಜಿಎಸ್‌ಟಿ ನೋಂದಣಿಗೂ ಇಲ್ಲಿಯೇ ಅರ್ಜಿ ಸಲ್ಲಿಸಬಹುದು. ಅಧಿಕೃತ ಬಂಡವಾಳ ₹15 ಲಕ್ಷದವರೆಗೆ ಇದ್ದರೆ ಕೇಂದ್ರದ ನೋಂದಣಿ ಶುಲ್ಕವಿಲ್ಲ. ರಾಜ್ಯದ ಮುದ್ರಾಂಕ ಶುಲ್ಕ ಮತ್ತು ಅರ್ಜಿಯನ್ನು ದೃಢೀಕರಿಸುವ ಲೆಕ್ಕಪರಿಶೋಧಕರ ಅಥವಾ ಕಂಪನಿ ಕಾರ್ಯದರ್ಶಿಯ ಸಂಭಾವನೆ ಬೇರೆ.

ನೋಂದಣಿಯ ನಂತರ

ಪ್ರಮಾಣಪತ್ರ ಕೈಗೆ ಬಂದ ಮಾತ್ರಕ್ಕೆ ಕಂಪನಿ ವ್ಯಾಪಾರ ಆರಂಭಿಸುವಂತಿಲ್ಲ. ಸದಸ್ಯರು ತಮ್ಮ ಷೇರಿನ ಹಣವನ್ನು ಕಂಪನಿಯ ಖಾತೆಗೆ ಜಮೆ ಮಾಡಿ, 180 ದಿನಗಳೊಳಗೆ ಐಎನ್‌ಸಿ-20ಎ ನಮೂನೆಯಲ್ಲಿ ಘೋಷಣೆ ಸಲ್ಲಿಸಬೇಕು. ಮೊದಲ 30 ದಿನಗಳಲ್ಲಿ ನಿರ್ದೇಶಕರ ಮಂಡಳಿಯ ಸಭೆ ಮತ್ತು ಮೊದಲ ಲೆಕ್ಕಪರಿಶೋಧಕರ ನೇಮಕ ಆಗಬೇಕು. ಎರಡು ತಿಂಗಳೊಳಗೆ ಷೇರು ಪತ್ರಗಳನ್ನು ಕೊಡಬೇಕು.

ಕಚೇರಿಯ ಹೊರಗೆ ಕಂಪನಿಯ ಹೆಸರು ಮತ್ತು ವಿಳಾಸದ ಫಲಕವಿರಬೇಕು. ಅದು ಆ ಪ್ರದೇಶದ ಭಾಷೆಯ ಲಿಪಿಯಲ್ಲಿಯೂ ಇರಬೇಕೆಂದು ಅಧಿನಿಯಮದ 12ನೇ ಕಲಮು ಹೇಳುತ್ತದೆ. ಇದಲ್ಲದೆ ಕರ್ನಾಟಕದ 2024ರ ತಿದ್ದುಪಡಿ ಕಾಯ್ದೆಯು ವಾಣಿಜ್ಯ ನಾಮಫಲಕಗಳಲ್ಲಿ ಶೇ. 60ರಷ್ಟು ಕನ್ನಡವನ್ನು ಕಡ್ಡಾಯಗೊಳಿಸಿದೆ.

ಕಂಪನಿ ನೋಂದಣಿಯು ಇತರ ಪರವಾನಗಿಗಳಿಗೆ ಬದಲಿಯಲ್ಲ. ಪುರಸಭೆ, ಪಟ್ಟಣ ಪಂಚಾಯಿತಿ ಅಥವಾ ಗ್ರಾಮ ಪಂಚಾಯಿತಿಯ ವ್ಯಾಪಾರ ಪರವಾನಗಿ, ತಿನಿಸು ತಯಾರಿಕೆಗೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಪ್ರತ್ಯೇಕವಾಗಿ ಬೇಕು. ಹೊಲದಲ್ಲಿ ಗಿರಣಿ ಅಥವಾ ಗೋದಾಮು ಕಟ್ಟುವ ಮೊದಲು ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ 95ನೇ ಕಲಮಿನ ಅಡಿ ಭೂ ಪರಿವರ್ತನೆಯ ಅಗತ್ಯವನ್ನು ಪರಿಶೀಲಿಸಬೇಕು. ಸಣ್ಣ ಉದ್ಯಮಗಳಿಗಿರುವ ಸೌಲಭ್ಯ ಪಡೆಯಲು 2020ರಿಂದ ಜಾರಿಯಲ್ಲಿರುವ 'ಉದ್ಯಮ್' ನೋಂದಣಿ ಉಪಯುಕ್ತ.

ವಾರ್ಷಿಕ ಕರ್ತವ್ಯಗಳು

ವ್ಯಾಪಾರ ನಡೆಯಲಿ, ಬಿಡಲಿ, ಕಂಪನಿಯ ಲೆಕ್ಕಪತ್ರಗಳ ಪರಿಶೋಧನೆ ಪ್ರತಿ ವರ್ಷ ಕಡ್ಡಾಯ. ಏಕವ್ಯಕ್ತಿ ಕಂಪನಿಯನ್ನು ಬಿಟ್ಟು ಉಳಿದವು ವಾರ್ಷಿಕ ಸಾಮಾನ್ಯ ಸಭೆ ನಡೆಸಬೇಕು. ಸಭೆಯ ಬಳಿಕ 30 ದಿನಗಳಲ್ಲಿ ಲೆಕ್ಕಪತ್ರಗಳನ್ನು, 60 ದಿನಗಳಲ್ಲಿ ವಾರ್ಷಿಕ ವಿವರಣೆಯನ್ನು ಸಲ್ಲಿಸಬೇಕು. ತಡವಾದರೆ ಪ್ರತಿ ನಮೂನೆಗೆ ದಿನಕ್ಕೆ ₹100ರಂತೆ ಹೆಚ್ಚುವರಿ ಶುಲ್ಕ ಬೀಳುತ್ತದೆ. ಸತತ ಮೂರು ಆರ್ಥಿಕ ವರ್ಷ ಇವನ್ನು ಸಲ್ಲಿಸದ ಕಂಪನಿಯ ನಿರ್ದೇಶಕರು 5 ವರ್ಷಗಳ ಕಾಲ ಅನರ್ಹರಾಗುತ್ತಾರೆ. ವಹಿವಾಟು ಇಲ್ಲವೆಂದು ಕಂಪನಿಯನ್ನು ಸುಮ್ಮನೆ ಬಿಟ್ಟವರಿಗೆ ಎದುರಾಗುವ ತೊಂದರೆ ಇದು.

ಬಂಡವಾಳ ಮತ್ತು ವಹಿವಾಟು ನಿಗದಿತ ಮಿತಿಯೊಳಗಿರುವ ಖಾಸಗಿ ಕಂಪನಿಯನ್ನು 'ಸಣ್ಣ ಕಂಪನಿ' ಎನ್ನಲಾಗುತ್ತದೆ. 2022ರಲ್ಲಿ ಈ ಮಿತಿಯನ್ನು ₹4 ಕೋಟಿ ಬಂಡವಾಳ ಮತ್ತು ₹40 ಕೋಟಿ ವಹಿವಾಟಿಗೆ ಏರಿಸಲಾಯಿತು. ಮಿತಿಯನ್ನು ಕಾಲಕಾಲಕ್ಕೆ ಪರಿಷ್ಕರಿಸಲಾಗುತ್ತದೆ. ಇಂತಹ ಕಂಪನಿಯು ವರ್ಷಕ್ಕೆ ನಾಲ್ಕರ ಬದಲು ಎರಡು ಮಂಡಳಿ ಸಭೆ ನಡೆಸಿದರೆ ಸಾಕು. ದಂಡದಲ್ಲಿಯೂ ರಿಯಾಯಿತಿ ಇದೆ.

ಇತರ ರೂಪಗಳೊಂದಿಗೆ ಹೋಲಿಕೆ

ಸೀಮಿತ ಹೊಣೆಗಾರಿಕೆ ಪಾಲುದಾರಿಕೆ: 2008ರ ಅಧಿನಿಯಮದಡಿ ಕನಿಷ್ಠ ಇಬ್ಬರು ಸೇರಿ ಸ್ಥಾಪಿಸಬಹುದು. ವಹಿವಾಟು ₹40 ಲಕ್ಷ ಅಥವಾ ಪಾಲುದಾರರ ಕೊಡುಗೆ ₹25 ಲಕ್ಷ ಮೀರುವವರೆಗೆ ಈ ಅಧಿನಿಯಮದಡಿ ಲೆಕ್ಕಪರಿಶೋಧನೆ ಕಡ್ಡಾಯವಲ್ಲ. ಸಾಮಾನ್ಯ ಸಭೆಗಳ ಕಟ್ಟುಪಾಡಿಲ್ಲ. ಹೊರಗಿನ ಹೂಡಿಕೆ ಬೇಡದ ಕುಟುಂಬ ವ್ಯಾಪಾರಕ್ಕೆ ಇದು ಕಡಿಮೆ ಖರ್ಚಿನ ಮಾರ್ಗ.

ಉತ್ಪಾದಕರ ಕಂಪನಿ: ಕನಿಷ್ಠ 10 ಜನ ಉತ್ಪಾದಕರು ಸೇರಿ ಸ್ಥಾಪಿಸುವ ಇದಕ್ಕೆ 2003ರಿಂದ ಕಾನೂನಿನ ಅವಕಾಶವಿದೆ. ಷೇರು ಎಷ್ಟೇ ಇದ್ದರೂ ವ್ಯಕ್ತಿ ಸದಸ್ಯನಿಗೆ ಒಂದೇ ಮತ. ಸಹಕಾರ ಸಂಘದ ಸಮಾನತೆಯನ್ನೂ ಕಂಪನಿಯ ಸೀಮಿತ ಹೊಣೆಯನ್ನೂ ಇದು ಕೂಡಿಸುತ್ತದೆ. ಮಾವು, ಗೋವಿನಜೋಳ ಅಥವಾ ವೀಳ್ಯದೆಲೆ ಬೆಳೆಗಾರರು ಕೂಡಿ ಮಾರಾಟ ಮಾಡುವುದಾದರೆ ಖಾಸಗಿ ಕಂಪನಿಗಿಂತ ಇದು ಹೆಚ್ಚು ಹೊಂದುತ್ತದೆ.

ವ್ಯಾಜ್ಯ ಮತ್ತು ಮುಕ್ತಾಯ

ಸದಸ್ಯರ ನಡುವಿನ ದಬ್ಬಾಳಿಕೆ, ದುರಾಡಳಿತದ ದೂರುಗಳು ಜಿಲ್ಲೆಯ ಸಿವಿಲ್ ನ್ಯಾಯಾಲಯಕ್ಕೆ ಹೋಗುವುದಿಲ್ಲ. ಅವನ್ನು 2016ರಲ್ಲಿ ಆರಂಭವಾದ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠ ವಿಚಾರಿಸುತ್ತದೆ. ಸಣ್ಣ ಮೊತ್ತದ ಕುಟುಂಬ ವ್ಯಾಜ್ಯಕ್ಕೆ ಈ ದೂರ ಮತ್ತು ಖರ್ಚು ಭಾರವೆನಿಸಬಹುದು.

ವ್ಯವಹಾರ ನಿಲ್ಲಿಸಿದ ಕಂಪನಿಯು ಬಾಕಿಗಳನ್ನು ತೀರಿಸಿ, ಸದಸ್ಯರ ವಿಶೇಷ ನಿರ್ಣಯ ಪಡೆದು ಅಥವಾ ಪಾವತಿತ ಬಂಡವಾಳದ ಶೇ. 75ರಷ್ಟು ಹೊಂದಿರುವ ಸದಸ್ಯರ ಒಪ್ಪಿಗೆಯಿಂದ, 248ನೇ ಕಲಮಿನ ಅಡಿ ತನ್ನ ಹೆಸರನ್ನು ತೆಗೆದುಹಾಕುವಂತೆ ಅರ್ಜಿ ಸಲ್ಲಿಸಬಹುದು. 2023ರ ಮೇ ತಿಂಗಳಿನಿಂದ ಈ ಅರ್ಜಿಗಳನ್ನು ಮಾನೇಸರ್‌ನ ಪ್ರತ್ಯೇಕ ಕೇಂದ್ರವೊಂದು ಪರಿಶೀಲಿಸುತ್ತಿದೆ. ಹೆಸರು ತೆಗೆದುಹಾಕಿದ ಬಳಿಕವೂ ನಿರ್ದೇಶಕರ ಮತ್ತು ಸದಸ್ಯರ ಮೇಲೆ ಮೊದಲೇ ಇದ್ದ ಹೊಣೆಗಳು ಉಳಿದುಕೊಳ್ಳುತ್ತವೆ.