ಮನೆಯ ಡಿಜಿಟಲ್ ಛಾಯಾಚಿತ್ರಗಳ ವರ್ಗೀಕರಣ ಮತ್ತು ಹುಡುಕಾಟ

ಹಿಂದೆ ಛಾಯಾಚಿತ್ರದ ಹಿಂಬದಿಯಲ್ಲಿ ಹೆಸರು ಹಾಗೂ ದಿನಾಂಕವನ್ನು ಬರೆದಿಡುವ ಪದ್ಧತಿಯಿತ್ತು. ಪ್ರಸ್ತುತ ಒಂದೊಂದು ಕುಟುಂಬದಲ್ಲಿಯೂ ಸಾವಿರಾರು ಡಿಜಿಟಲ್ ಚಿತ್ರಗಳು ಸಂಗ್ರಹವಾಗುತ್ತಿದ್ದು, ಬೇಕಾದ ಚಿತ್ರವು ಸಕಾಲದಲ್ಲಿ ದೊರೆಯದಿರುವುದು ಸಾಮಾನ್ಯವಾಗಿದೆ. ಚಿತ್ರದಲ್ಲಿರುವವರನ್ನು ಗುರುತಿಸಬಲ್ಲ ಹಿರಿಯರು ಕಾಲವಾದ ನಂತರ ಸದರಿ ಮಾಹಿತಿಯನ್ನು ಮರಳಿ ಪಡೆಯಲು ಸಾಧ್ಯವಿರುವುದಿಲ್ಲ. ಆದುದರಿಂದ ಸಾರ್ವಜನಿಕರ ಅವಗಾಹನೆಗಾಗಿ ಈ ಕೆಳಕಂಡ ಅಂಶಗಳನ್ನು ನೀಡಲಾಗಿದೆ.

1. ಚಿತ್ರದೊಳಗಿನ ಮಾಹಿತಿ: 1995ರಲ್ಲಿ ಜಪಾನಿನಲ್ಲಿ ರೂಪುಗೊಂಡ ಎಕ್ಸಿಫ್ ಮಾನಕದನ್ವಯ ಚಿತ್ರ ತೆಗೆದ ದಿನಾಂಕ, ಸಮಯ ಹಾಗೂ ಕ್ಯಾಮೆರಾದ ಮಾದರಿಯು ಕಡತದೊಳಗೇ ದಾಖಲಾಗುತ್ತವೆ. ಕ್ಯಾಮೆರಾದ ಗಡಿಯಾರವು ತಪ್ಪಾಗಿದ್ದಲ್ಲಿ ಈ ದಿನಾಂಕವೂ ತಪ್ಪಾಗಿರುತ್ತದೆ. ಹಳೆಯ ಚಿತ್ರವನ್ನು ಸ್ಕ್ಯಾನ್ ಮಾಡಿದಾಗ ಮೂಲ ದಿನಾಂಕವು ತಾನಾಗಿ ದಾಖಲಾಗುವುದಿಲ್ಲ. ಅದನ್ನು ಕೈಯಾರೆ ನಮೂದಿಸಬೇಕಾಗುತ್ತದೆ. ವಾಟ್ಸಾಪ್‌ನಲ್ಲಿ ಸಾಮಾನ್ಯ ಚಿತ್ರವಾಗಿ ಕಳುಹಿಸಿದಾಗ ಈ ಮಾಹಿತಿಯು ಉಳಿಯುವುದಿಲ್ಲವಾದ್ದರಿಂದ ಮೂಲ ಕಡತವನ್ನೇ ಪಡೆದು ಇಟ್ಟುಕೊಳ್ಳುವುದು ಸೂಕ್ತ.

2. ಕಡತಕೋಶದ ಹೆಸರು: ವರ್ಷ, ತಿಂಗಳು, ದಿನ, ಸಂದರ್ಭ, ಸ್ಥಳ ಎಂಬ ಕ್ರಮವನ್ನು ಅನುಸರಿಸಬಹುದು. ಉದಾಹರಣೆಗೆ: 2009-04-26-ಮದುವೆ-ಧಾರವಾಡ. ದಿನವನ್ನು ಮೊದಲು ಬರೆದಲ್ಲಿ 05-01-2010 ಎಂಬುದು 26-04-2009ಕ್ಕಿಂತ ಮುಂಚೆ ಬಂದು ಕಾಲಕ್ರಮವು ತಪ್ಪುತ್ತದೆ.

3. ವ್ಯಕ್ತಿಗಳ ಹೆಸರು: ಕೇವಲ 'ಅಜ್ಜಿ' ಅಥವಾ 'ದೊಡ್ಡಪ್ಪ' ಎಂದು ನಮೂದಿಸಬಾರದು. ಒಬ್ಬರಿಗೆ ಅಜ್ಜಿಯಾದವರು ಇನ್ನೊಬ್ಬರಿಗೆ ತಾಯಿಯಾಗಿರುತ್ತಾರೆ. ಪೂರ್ಣ ಹೆಸರು ಹಾಗೂ ಊರನ್ನು ಬರೆಯುವುದು ಉತ್ತಮ. ತಂತ್ರಾಂಶಗಳು ಒಂದೇ ಮುಖದ ಚಿತ್ರಗಳನ್ನು ಒಟ್ಟುಗೂಡಿಸಬಲ್ಲವಾದರೂ ಹೆಸರನ್ನು ಮನೆಯವರೇ ಒದಗಿಸಬೇಕಾಗುತ್ತದೆ.

4. ಕನ್ನಡ ಲಿಪಿ: ವಿವರಗಳನ್ನು ಯೂನಿಕೋಡ್‌ನಲ್ಲಿಯೇ ಬೆರಳಚ್ಚಿಸತಕ್ಕದ್ದು. ನುಡಿ, ಬರಹ ಮುಂತಾದವುಗಳ ಯೂನಿಕೋಡ್ ಅಲ್ಲದ ಹಳೆಯ ಅಕ್ಷರಶೈಲಿಗಳಲ್ಲಿ ಬರೆದ ಪದಗಳು ಯೂನಿಕೋಡ್ ಕನ್ನಡದಲ್ಲಿ ಹುಡುಕಿದಾಗ ದೊರೆಯುವುದಿಲ್ಲ. ಒಂದು ಹೆಸರಿಗೆ ಎಲ್ಲೆಡೆ ಒಂದೇ ಕಾಗುಣಿತವನ್ನು ಬಳಸಬೇಕು.

5. ತಂತ್ರಾಂಶದ ಮೇಲಿನ ಅವಲಂಬನೆ: ಬಹುಜನರು ಬಳಸುತ್ತಿದ್ದ ಪಿಕಾಸಾ ತಂತ್ರಾಂಶವನ್ನು ಗೂಗಲ್ ಸಂಸ್ಥೆಯು 2016ರಲ್ಲಿ ಸ್ಥಗಿತಗೊಳಿಸಿತು. ಆದ್ದರಿಂದ ವಿವರಗಳು ತಂತ್ರಾಂಶದಲ್ಲಿ ಮಾತ್ರವಲ್ಲದೆ ಚಿತ್ರದ ಕಡತದೊಳಗೂ ಇರುವಂತೆ ನೋಡಿಕೊಳ್ಳಬೇಕು.

6. ಪ್ರತಿಗಳು: ಒಟ್ಟು 3 ಪ್ರತಿಗಳನ್ನು 2 ಬಗೆಯ ಸಾಧನಗಳಲ್ಲಿರಿಸಿ, ಅವುಗಳಲ್ಲಿ 1 ಪ್ರತಿಯನ್ನು ಮನೆಯಿಂದ ಹೊರಗೆ, ಅಂದರೆ ಬಂಧುಗಳ ಮನೆಯಲ್ಲಿ ಅಥವಾ ಅಂತರ್ಜಾಲ ಸಂಗ್ರಹದಲ್ಲಿ, ಇಡುವುದು ಸುರಕ್ಷಿತ.

ಎಲ್ಲವನ್ನೂ ಒಮ್ಮೆಲೇ ಪೂರೈಸುವ ಅಗತ್ಯವಿರುವುದಿಲ್ಲ. ಹಿರಿಯರ ಸಮ್ಮುಖದಲ್ಲಿ ವಾರಕ್ಕೆ 20 ಚಿತ್ರಗಳಂತೆ ಹೆಸರುಗಳನ್ನು ನಮೂದಿಸಿದಲ್ಲಿ ಒಂದು ವರ್ಷದಲ್ಲಿ 1,000ಕ್ಕೂ ಹೆಚ್ಚು ಚಿತ್ರಗಳ ಕಾರ್ಯವು ಪೂರ್ಣಗೊಳ್ಳುತ್ತದೆ. ಅತಿ ಹಳೆಯ ಚಿತ್ರಗಳಿಂದಲೇ ಈ ಕಾರ್ಯವನ್ನು ಪ್ರಾರಂಭಿಸುವುದು ಸೂಕ್ತ.