ರಸಬಾಳೆ ಕೀಳುವ ಮುನ್ನ ಬ್ರಿಸ್ಬೇನ್‌ನಿಂದ ಒಂದು ಮಾತು

ಕಳೆದ ಯುಗಾದಿಯಂದು ಊರಿಗೆ ಫೋನ್ ಮಾಡಿದಾಗ ಅಪ್ಪಾಜಿ, ‘ಉಳಿದಿರೋ ರಸಬಾಳೆನೂ ಕಿತ್ತು ಜಿ–9 ಹಾಕಿಸ್ತೀನಿ ಕಣಪ್ಪ. ಸೊರಗು ರೋಗದ ಜೊತೆ ಗುದ್ದಾಡಿ ಸಾಕಾಯ್ತು’ ಎಂದರು. ನಂಜನಗೂಡಿನ ಬಳಿ ಇರುವ ನಮ್ಮ ತೋಟದಲ್ಲಿ ಈಗ ಉಳಿದಿರುವುದೇ ಹತ್ತಿಪ್ಪತ್ತು ಬುಡ. ಬ್ರಿಸ್ಬೇನ್‌ನಲ್ಲಿ ಕುಳಿತ ನಮಗೆ ಅಂದಿನ ರಸಾಯನ ರುಚಿಸಲಿಲ್ಲ.

ಬಾಳೆಯ ಪನಾಮಾ ಸೊರಗು ರೋಗದ ವಿರುದ್ಧ ದೊಡ್ಡ ಕೆಲಸ ನಡೆದಿರುವುದು ನಾವಿರುವ ಈ ಊರಿನಲ್ಲೇ. ರೋಗ ತರುವ ಶಿಲೀಂಧ್ರ ದಶಕಗಟ್ಟಲೆ ಮಣ್ಣಿನಲ್ಲಿರುತ್ತದೆ, ಔಷಧ ಹೊಡೆದರೂ ಹೋಗದು. ನಮ್ಮ ಲೆಕ್ಕಪತ್ರದ ಭಾಷೆಯಲ್ಲಿ, ಎಂದೂ ವಜಾ ಆಗದ ಸಾಲ. ರಸಬಾಳೆಯನ್ನು ಕೊಲ್ಲುವ ಹಳೆಯ ಬಗೆಯನ್ನು ಜಿ–9 ತಡೆದುಕೊಳ್ಳುತ್ತದೆ, ನಿಜ. ಆದರೆ ಟಿಆರ್–4 ಎಂಬ ಹೊಸ ಬಗೆ ಜಿ–9 ಸೇರಿದಂತೆ ಇಡೀ ಕ್ಯಾವೆಂಡಿಶ್ ಗುಂಪನ್ನೇ ಒಣಗಿಸುತ್ತದೆ. ಕ್ವೀನ್ಸ್‌ಲ್ಯಾಂಡ್‌ನ ಟಲ್ಲಿ ಪ್ರದೇಶದಲ್ಲಿ ಅದು 2015ರಲ್ಲಿ ಕಾಣಿಸಿತು. ಬಿಹಾರ, ಉತ್ತರ ಪ್ರದೇಶಕ್ಕೂ ಬಂದಿದೆ.

ಕ್ಯಾವೆಂಡಿಶ್‌ಗೆ ಬೀಜವಿಲ್ಲದ ಕಾರಣ ಅಡ್ಡತಳಿ ಮಾಡುವುದು ಬಲು ಕಷ್ಟ. ಹಾಗಾಗಿ ಕ್ವೀನ್ಸ್‌ಲ್ಯಾಂಡ್ ತಂತ್ರಜ್ಞಾನ ವಿಶ್ವವಿದ್ಯಾಲಯದ ಪ್ರೊ. ಜೇಮ್ಸ್ ಡೇಲ್ ಅವರ ತಂಡ, ಆಗ್ನೇಯ ಏಷ್ಯಾದ ಕಾಡುಬಾಳೆಯೊಂದರ ಆರ್‌ಜಿಎ–2 ಎಂಬ ಜೀನ್ ಅನ್ನು ಅದಕ್ಕೆ ಸೇರಿಸಿತು. ಈ ಜೀನ್ ಕ್ಯಾವೆಂಡಿಶ್‌ನಲ್ಲೂ ಇದೆ, ಆದರೆ ಚುರುಕಾಗಿಲ್ಲ. ರೋಗವಿರುವ ಮಣ್ಣಿನಲ್ಲೇ ವರ್ಷಗಟ್ಟಲೆ ಪರೀಕ್ಷೆ ನಡೆಯಿತು. ಹೀಗೆ ಬಂದ ಕ್ಯುಸಿಎವಿ–4 ತಳಿಗೆ 2024ರ ಫೆಬ್ರುವರಿಯಲ್ಲಿ ಅನುಮತಿ ಸಿಕ್ಕಿತು. ಆಸ್ಟ್ರೇಲಿಯಾದಲ್ಲಿ ಬೆಳೆಯಲು ಒಪ್ಪಿಗೆ ಪಡೆದ ಮೊದಲ ಕುಲಾಂತರಿ ಹಣ್ಣು ಇದು. ಆದರೆ ಅನುಮತಿ ಸಿಕ್ಕಾಗಲೇ, ಇದನ್ನು ಸದ್ಯಕ್ಕೆ ಮಾರುಕಟ್ಟೆಗೆ ಬಿಡುವುದಿಲ್ಲ, ಆಪತ್ಕಾಲದ ವಿಮೆಯಂತೆ ಇಟ್ಟುಕೊಳ್ಳುತ್ತೇವೆ ಎಂದು ವಿಶ್ವವಿದ್ಯಾಲಯ ಹೇಳಿತ್ತು.

ಇದು ರಸಬಾಳೆಗೆ ಮದ್ದಲ್ಲ, ಅದಕ್ಕೆ ಬೇರೆಯೇ ಸಂಶೋಧನೆ ಬೇಕು. ಆದರೂ ಅಪ್ಪಾಜಿಗೆ ಎರಡು ಮಾತು ಹೇಳಿದೆವು. ಒಂದು, ಜಿ–9 ಕೂಡ ಶಾಶ್ವತ ಭದ್ರತೆಯಲ್ಲ. ಎರಡು, ಯಾರೂ ತಿನ್ನದ ಕಾಡುಬಾಳೆ ಉಳಿದಿದ್ದರಿಂದಲೇ ಆ ಜೀನ್ ಸಿಕ್ಕಿತು. ಬೇರು ಸಮೇತ ಕಿತ್ತ ತಳಿ ನಾಳೆ ಬೇಕೆಂದರೂ ಸಿಗದು. ಅಪ್ಪಾಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಿತ್ತಲಲ್ಲಿ ಬಾಳೆ ಕಾಣದ ಹೊಸ ಮಣ್ಣಿದೆ, ಅಂಗಾಂಶ ಕೃಷಿ ಸಸಿ ನಾಲ್ಕು ತರಿಸ್ತೀನಿ’ ಎಂದರು.

ನಮ್ಮಲ್ಲಿಗೆ ಬರುವ ಹಿರಿಯರಲ್ಲಿ ಒಂದು ಕೋರಿಕೆ: ಮೊಮ್ಮಕ್ಕಳಿಗೆಂದು ಬಾಳೆಕಂದು ತರಬೇಡಿ, ಚಪ್ಪಲಿಯ ಮಣ್ಣು ತೊಳೆದುಕೊಂಡು ಬನ್ನಿ. ಹಿಂತಿರುಗಿ ತೋಟಕ್ಕೆ ಇಳಿಯುವಾಗಲೂ ಅಷ್ಟೇ.