ದೇವಾಲಯಕ್ಕೂ ಒಂದು ದನಿಯಿದೆ

ಯಾರೂ ಇಲ್ಲದ ಹೊತ್ತಿನಲ್ಲಿ ಹಳೆಯ ಚರ್ಚಿನೊಳಗೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ನೋಡಿದ್ದೀರಾ? ಚಪ್ಪಾಳೆ ಕ್ಷಣದಲ್ಲಿ ಮುಗಿಯುತ್ತದೆ. ಆದರೆ ಗೋಡೆ, ಕಮಾನು, ಮಾಡು ಅದನ್ನು ಒಂದರಿಂದೊಂದಕ್ಕೆ ದಾಟಿಸುತ್ತಾ ನಿಧಾನವಾಗಿ ಮೌನಕ್ಕೆ ಒಪ್ಪಿಸುತ್ತವೆ. ಹೀಗೆ ಉಳಿಯುವ ನಾದವೇ ಆ ಕಟ್ಟಡದ ದನಿ. ಒಂದು ಚರ್ಚಿನದು ಇನ್ನೊಂದಕ್ಕಿಲ್ಲ.

ಈ ದನಿಯನ್ನು ಹಿಡಿದಿಡಬಹುದೇ? ಇಸ್ತಾಂಬುಲ್ ನಗರದ ಹಾಗಿಯಾ ಸೋಫಿಯಾ ಇದಕ್ಕೆ ಉತ್ತರ ನೀಡಿದೆ. ಕ್ರಿ.ಶ. 537ರಲ್ಲಿ ಪೂರ್ಣಗೊಂಡ ಈ ಮಹಾದೇವಾಲಯ 1453ರಲ್ಲಿ ಮಸೀದಿಯಾಯಿತು, 1935ರಲ್ಲಿ ವಸ್ತುಸಂಗ್ರಹಾಲಯವಾಯಿತು, 2020ರಲ್ಲಿ ಮತ್ತೆ ಮಸೀದಿಯಾಯಿತು. ವಸ್ತುಸಂಗ್ರಹಾಲಯವಾಗಿದ್ದಾಗ ಅಲ್ಲಿ ಹಾಡಲು ಅನುಮತಿ ಇರಲಿಲ್ಲ. 2010ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಿಸ್ಸೆರಾ ಪೆಂಚೇವಾ ಅಲ್ಲಿ ಬಲೂನುಗಳನ್ನು ಒಡೆಸಿ ಸದ್ದನ್ನು ಧ್ವನಿಮುದ್ರಿಸಿಕೊಂಡರು. ಆ ಸದ್ದು ಆರಲು ಹತ್ತು ಸೆಕೆಂಡಿಗೂ ಹೆಚ್ಚು ಹಿಡಿಯಿತು! ತಂತ್ರಜ್ಞರು ಇಂಥ ಮುದ್ರಣವನ್ನು 'ಇಂಪಲ್ಸ್ ರೆಸ್ಪಾನ್ಸ್' ಎನ್ನುತ್ತಾರೆ.

ಮುಂದಿನ ಕೆಲಸ ಕಂಪ್ಯೂಟರಿನದು. ಕೆರೆಗೆ ಒಂದು ಹನಿ ಬಿದ್ದರೆ ಒಂದು ಅಲೆ. ಮಳೆ ಸುರಿದರೆ ಪ್ರತಿ ಹನಿಗೂ ತನ್ನದೇ ಅಲೆ. ಎಲ್ಲವೂ ಒಂದರೊಳಗೊಂದು ಬೆರೆಯುತ್ತವೆ. ಸಿ.ಡಿ.ಯ ಲೆಕ್ಕದಲ್ಲಿ ಒಂದು ಸೆಕೆಂಡಿನ ಹಾಡೆಂದರೆ 44,100 ಹನಿಗಳು. ಪ್ರತಿ ಹನಿಗೂ ಅದರ ಬಲಕ್ಕೆ ತಕ್ಕಂತೆ ಬಲೂನಿನ ಪ್ರತಿಧ್ವನಿಯನ್ನು ಜೋಡಿಸಿ ಎಲ್ಲವನ್ನೂ ಕೂಡಿಸುವುದೇ 'ಕನ್ವಲ್ಯೂಷನ್ ರಿವರ್ಬ್'. ನಮ್ಮ ಗಾನವೃಂದದ ಮಿಕ್ಸರಿನ 'ಎಕೋ' ಯಾವ ಊರಿನದೂ ಅಲ್ಲ. ಇದು ಒಂದು ನಿಜವಾದ ಜಾಗದ ದನಿ. ಹೀಗೆ ಕ್ಯಾಪೆಲ್ಲಾ ರೊಮಾನಾ ಗಾನವೃಂದ ಅಮೆರಿಕದಲ್ಲೇ ನಿಂತು ಹಾಡಿದ ಪ್ರಾಚೀನ ಪೂಜಾಗೀತೆಗಳು ಹಾಗಿಯಾ ಸೋಫಿಯಾದೊಳಗೆ ಹಾಡಿದಂತೆ ಕೇಳಿಸಿದವು. 2019ರಲ್ಲಿ ಅವು ಆಲ್ಬಮ್ಮಾಗಿ ಹೊರಬಂದವು.

ಅದೇ ವರ್ಷ ಏಪ್ರಿಲ್ 15ರಂದು ಪ್ಯಾರಿಸ್ಸಿನ ನೋತ್ರ್ ದಾಮ್ ಹೊತ್ತಿ ಉರಿಯಿತು. ಸಂಶೋಧಕರು ಅದರ ದನಿಯನ್ನು ಮೊದಲೇ ಅಳೆದಿಟ್ಟಿದ್ದರು. ಹಾಗಾಗಿ ಬೆಂಕಿ ಆ ದನಿಯನ್ನು ಪೂರ್ತಿ ಕಸಿಯಲಾಗಲಿಲ್ಲ. 2024ರ ಡಿಸೆಂಬರಿನಲ್ಲಿ ದೇವಾಲಯ ಮತ್ತೆ ತೆರೆಯಿತು.

ನಮ್ಮ ಕಡೆ ಬೆಂಕಿಯೇ ಬೀಳಬೇಕೆಂದಿಲ್ಲ. ಜನ ಹೆಚ್ಚುತ್ತಾರೆ, ಮಾಡು ಸೋರುತ್ತದೆ, ಹಳೆಯದನ್ನು ಕೆಡವಿ ಹೊಸದನ್ನು ಕಟ್ಟುತ್ತೇವೆ. ಅದು ತಪ್ಪಲ್ಲ. ಕೆಡವುವ ಮುನ್ನ ಫೋಟೋ ತೆಗೆದಿಡುತ್ತೇವೆ. ದನಿಯ ನೆನಪು ಮಾತ್ರ ಯಾರಿಗೂ ಬರುವುದಿಲ್ಲ. ನಾನು ಪ್ರಥಮ ಪರಮಪ್ರಸಾದ ಸ್ವೀಕರಿಸಿದ ಚರ್ಚು ಈಗಿಲ್ಲ. ಅದರ ಚಿತ್ರ ನನ್ನ ಬಳಿ ಇದೆ. ಅಲ್ಲಿ ಅಮ್ಮ ಜಪಸರ ಹೇಳುತ್ತಿದ್ದಾಗ ಮಾಡಿನಡಿ ಸುಳಿಯುತ್ತಿದ್ದ ಗುಂಗು ಎಲ್ಲೂ ಇಲ್ಲ.

ನಿಮ್ಮ ಚರ್ಚಿನ ದುರಸ್ತಿಗೆ ಮೊದಲು ಯುವಜನರು ಇಷ್ಟು ಮಾಡಲಿ: ಒಂದು ಮಧ್ಯಾಹ್ನ ಫ್ಯಾನುಗಳನ್ನೆಲ್ಲ ನಿಲ್ಲಿಸಿ, ಬೆಂಚುಗಳ ನಡುವೆ ರೆಕಾರ್ಡರ್ ಇಟ್ಟು, ಬಲಿಪೀಠದ ಮೆಟ್ಟಿಲ ಬಳಿ ಮೂರು ಬಲೂನು ಒಡೆಯಿರಿ. ಸದ್ದು ಪೂರ್ತಿ ಆರುವವರೆಗೂ ಉಸಿರು ಬಿಗಿಹಿಡಿದು ಕಾಯಿರಿ. ದಿನಾಂಕ ಬರೆದಿಡಿ.

ಒಂದು ಮಾತು ಮಾತ್ರ ಮರೆಯಬೇಡಿ. ಚರ್ಚು ಖಾಲಿಯಿದ್ದಾಗ ಪ್ರತಿಧ್ವನಿ ಹೆಚ್ಚು. ಜನ ತುಂಬಿದಾಗ ಮೈ-ಬಟ್ಟೆಗಳು ಅದನ್ನು ಹೀರಿಕೊಂಡು ದನಿ ಮೃದುವಾಗುತ್ತದೆ. ಬಲೂನು ಹಿಡಿದುಕೊಡುವುದು ಖಾಲಿ ಚರ್ಚಿನ ದನಿ. ಭಾನುವಾರದ ದನಿಗೆ ನಾವೇ ಬರಬೇಕು.